ನಾಟಿ ಮಾಡುವವರು ಯಾರು, ತರಬೇತಿಗೆ ಹೋಗುವವರು ಯಾರು?



ಮೈಸೂರಿನಿಂದ ಕೃಷ್ಣರಾಜನಗರದ ಮೇಲೆ ಹಾಸನದ ಕಡೆಗೆ ಹೊರಟರೆ ದಾರಿಯಲ್ಲಿ ಭೇರ್ಯ ಎಂಬ ಊರು ಸಿಗುತ್ತದೆ. ಈ ಸೀಮೆ ಭತ್ತಕ್ಕೆ ಹೆಸರಾದದ್ದು. ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಕೆಸರುಗದ್ದೆಯಲ್ಲಿ ಸಾಲಾಗಿ ಬಾಗಿ ಪೈರು ನೆಡುತ್ತಿರುವವರು ಕಾಣುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಇದನ್ನು ನಾವೆಲ್ಲ ನೋಡಿದ್ದೇವೆ; ನೋಡಿ ನೋಡಿ ಅಭ್ಯಾಸವಾಗಿರುವುದರಿಂದ ಗಮನಿಸುವುದಿಲ್ಲ.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ತಾಲ್ಲೂಕು ಕೇಂದ್ರದಲ್ಲಿ ‘ಭತ್ತದ ಬೇಸಾಯದಲ್ಲಿ ಹೊಸ ವಿಧಾನಗಳು’ ಎಂಬ ಒಂದು ದಿನದ ತರಬೇತಿ ಏರ್ಪಾಡಾಗಿದೆ. ಪಹಣಿಯಲ್ಲಿರುವ ಹೆಸರುಗಳನ್ನು ನೋಡಿ ಆಹ್ವಾನ ಕಳುಹಿಸಲಾಗಿದೆ. ಪಹಣಿಯಲ್ಲಿರುವುದು ಸಾಮಾನ್ಯವಾಗಿ ಗಂಡಸಿನ ಹೆಸರು. ಹೀಗಾಗಿ ಸಭಾಂಗಣದಲ್ಲಿ ಕುಳಿತು ನಾಟಿಯ ಅಂತರವನ್ನು ಕಲಿಯುವವರು ಗಂಡಸರು. ಅದೇ ಹೊತ್ತಿಗೆ ಗದ್ದೆಯಲ್ಲಿ ನಾಟಿ ಮಾಡುತ್ತಿರುವವರು ಹೆಂಗಸರು. ಇಲ್ಲಿ ಯಾರೂ ಯಾರಿಗೂ ಬೇಕೆಂದು ಅನ್ಯಾಯ ಮಾಡಿಲ್ಲ. ಅಧಿಕಾರಿ ನಿಯಮದಂತೆ ನಡೆದಿದ್ದಾರೆ. ಆದರೂ ಕಲಿಕೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಉಳಿಯಿತು. ಸರ್ಕಾರದ ಹಣವೂ ವ್ಯರ್ಥವಾಯಿತು.

ಇಂಥ ತಪ್ಪು ಆಗದಂತೆ ಯೋಜನೆ ರೂಪಿಸುವವರಿಗೆ ಕಲಿಸುವುದೇ ಲಿಂಗ ಸಮಾನತೆಯ ತರಬೇತಿ. ಇಂದು ಅದು ಅಂತರ್ಜಾಲದ ಮೂಲಕವೂ ನಡೆಯುತ್ತಿದೆ. ಅದರ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ.

ಎರಡು ಪದಗಳು

ಮೊದಲು ಎರಡು ಪದಗಳ ವ್ಯತ್ಯಾಸ ತಿಳಿಯಬೇಕು. ಗಂಡು ಅಥವಾ ಹೆಣ್ಣಿನ ದೇಹ ಹುಟ್ಟಿನಿಂದ ಬರುವಂಥದು. ಇದನ್ನು ‘ಲಿಂಗ’ ಎನ್ನುತ್ತೇವೆ. ಗಂಡಾದವನು ಹೀಗಿರಬೇಕು, ಹೆಣ್ಣಾದವಳು ಹಾಗಿರಬೇಕು ಎಂದು ಸಮಾಜ ಕಟ್ಟಿಕೊಟ್ಟ ಪಾತ್ರವನ್ನು ‘ಲಿಂಗತ್ವ’ ಎನ್ನುತ್ತೇವೆ. ಇಂಗ್ಲಿಷಿನ ‘ಜೆಂಡರ್’ ಎಂಬ ಪದವೂ ಬಳಕೆಯಲ್ಲಿದೆ. ಹೆರುವುದು ದೇಹಕ್ಕೆ ಸಂಬಂಧಿಸಿದ್ದು. ಆದರೆ ಹುಟ್ಟಿದ ಮಗುವಿಗೆ ಸ್ನಾನ ಮಾಡಿಸುವುದನ್ನು, ಊಟ ಮಾಡಿಸುವುದನ್ನು ತಂದೆಯೂ ಮಾಡಬಹುದು. ಮಾಡುವುದಿಲ್ಲವಾದರೆ ಅದಕ್ಕೆ ಕಾರಣ ರೂಢಿ. ಮನುಷ್ಯರು ಮಾಡಿಕೊಂಡ ರೂಢಿಯನ್ನು ಮನುಷ್ಯರೇ ಬದಲಾಯಿಸಬಹುದು. ಇದು ತರಬೇತಿಯ ಮೊದಲ ಪಾಠ.

ರೂಢಿಯ ಭಾರ ಎಷ್ಟೆಂಬುದಕ್ಕೆ ಲೆಕ್ಕವಿದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಜನರ ದಿನದ ಸಮಯ ಹೇಗೆ ಕಳೆಯುತ್ತದೆ ಎಂಬ ಸಮೀಕ್ಷೆ ನಡೆಸಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಇಂಥ ಕೆಲಸ ಮಾಡುವವರೇ ಕಡಿಮೆ. ಮಾಡುವವರೂ ಕೊಡುತ್ತಿದ್ದದ್ದು 97 ನಿಮಿಷ. ಐದು ಗಂಟೆ ಮನೆಗೆಲಸ ಮಾಡುವವರನ್ನು ಬೆಳಿಗ್ಗೆ ಒಂಬತ್ತಕ್ಕೆ ಸಭೆಗೆ ಕರೆದು, ‘ಹೆಂಗಸರಿಗೆ ಆಸಕ್ತಿಯೇ ಇಲ್ಲ’ ಎಂದು ಬರೆದುಕೊಂಡರೆ ಅದು ಸರಿಯೇ?

ಪರದೆಯ ಮೂಲಕ ಪಾಠ: ಒಂದು ಹಿನ್ನೋಟ

ದೂರದಲ್ಲಿರುವವರಿಗೆ ಪರದೆಯ ಮೂಲಕ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು.

ಇತ್ತ ಪಂಚಾಯತಿಗಳಲ್ಲಿ ಒಂದು ದೊಡ್ಡ ಬದಲಾವಣೆ ನಡೆಯುತ್ತಿತ್ತು. 1983ರ ಕರ್ನಾಟಕದ ಕಾಯ್ದೆ ಮಹಿಳೆಯರಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. ಈ ಕಾಯ್ದೆಯ ಹಿಂದೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಶ್ರಮವಿತ್ತು. ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು ಅವರೇ. ಸಂವಿಧಾನದ 73ನೇ ತಿದ್ದುಪಡಿಯ ಬಳಿಕ ಬಂದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮೀಸಲಾತಿ ಮೂರನೆಯ ಒಂದು ಭಾಗಕ್ಕೆ ಏರಿತು. 2010ರಲ್ಲಿ ಶೇಕಡಾ 50 ಆಯಿತು.

ಹೀಗೆ ಆಯ್ಕೆಯಾದ ಸಾವಿರಾರು ಮಹಿಳೆಯರಿಗೆ ತರಬೇತಿ ಬೇಕಿತ್ತು. ಎಲ್ಲರನ್ನೂ ಮೈಸೂರಿಗೆ ಕರೆಸುವುದು ಕಷ್ಟ. ಮನೆ, ಮಕ್ಕಳು, ದನಕರು ಬಿಟ್ಟು ನಾಲ್ಕು ದಿನ ಬರುವುದು ಅವರಿಗೂ ಕಷ್ಟ. ಆದ್ದರಿಂದ 1995ರಲ್ಲಿ ಇಸ್ರೋ ನೆರವಿನಿಂದ ಉಪಗ್ರಹದ ಮೂಲಕ ಅವರಿಗೆ ತರಬೇತಿ ಕೊಡುವ ಪ್ರಯೋಗ ನಡೆಯಿತು. ಸ್ಟುಡಿಯೋದಲ್ಲಿ ಮಾತನಾಡುವವರ ಚಿತ್ರ ಮತ್ತು ಧ್ವನಿ ದೂರದ ಕೇಂದ್ರಗಳಿಗೆ ತಲುಪುತ್ತಿತ್ತು. ಅಲ್ಲಿದ್ದ ಸದಸ್ಯೆಯರು ದೂರವಾಣಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಪರದೆಯ ಮೇಲೆ ಬರುತ್ತಿತ್ತು. ಮುಂದೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲೇ ಸ್ಟುಡಿಯೋ ಬಂತು. ತಾಲ್ಲೂಕುಗಳಲ್ಲಿ ಅದನ್ನು ನೋಡುವ ಕೇಂದ್ರಗಳಾದವು. ಭೇರ್ಯದಂಥ ಊರಿನ ಪಂಚಾಯತಿ ಸದಸ್ಯೆಗೆ ತರಬೇತಿಯ ಜಾಗ ತಾಲ್ಲೂಕು ಕಚೇರಿಯಷ್ಟು ಹತ್ತಿರವಾಯಿತು.

ಮೇಜಿನ ಆಚೆ ಬದಿ

ಆದರೆ ಒಂದು ಕೊರತೆ ಉಳಿದಿತ್ತು. ಸದಸ್ಯೆಗೆ ಧೈರ್ಯ ತುಂಬಿ, ಕಾಯ್ದೆ ತಿಳಿಸಿ ಕಳುಹಿಸಿದರೂ ಮೇಜಿನ ಆಚೆ ಕುಳಿತ ಅಧಿಕಾರಿ, ‘ನಿಮ್ಮ ಯಜಮಾನರನ್ನು ಕಳುಹಿಸಿಯಮ್ಮ, ಅವರ ಹತ್ತಿರ ಮಾತನಾಡುತ್ತೇನೆ’ ಎಂದರೆ? ಕಲಿಯಬೇಕಾದವರು ಮೇಜಿನ ಎರಡೂ ಕಡೆ ಇದ್ದಾರೆ. 1995ರ ಸೆಪ್ಟೆಂಬರಿನಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವ ಮಹಿಳಾ ಸಮ್ಮೇಳನವೂ ಇದನ್ನೇ ಹೇಳಿತು: ಮಹಿಳೆಯರ ವಿಷಯವನ್ನು ಒಂದು ಇಲಾಖೆಗೆ ಬಿಟ್ಟು ಸುಮ್ಮನಿರದೆ, ರಸ್ತೆ, ನೀರು, ಬೇಸಾಯ, ಹಣಕಾಸು ಹೀಗೆ ಎಲ್ಲ ಇಲಾಖೆಗಳೂ ತಮ್ಮ ಕೆಲಸದಲ್ಲಿ ಈ ದೃಷ್ಟಿಯನ್ನು ಬೆರೆಸಿಕೊಳ್ಳಬೇಕು.

ಇದಕ್ಕೆ ಅಂತರ್ಜಾಲ ಅನುಕೂಲವಾಯಿತು. ವಿಶ್ವಸಂಸ್ಥೆಯ ಮಹಿಳಾ ವಿಭಾಗ ‘ಐ ನೋ ಜೆಂಡರ್’ ಎಂಬ ಪ್ರಾರಂಭಿಕ ಪಾಠಕ್ರಮವನ್ನು ಉಚಿತವಾಗಿ ಒದಗಿಸಿದೆ; ಬಿಡುವಾದಾಗ, ತಮ್ಮದೇ ವೇಗದಲ್ಲಿ ಯಾರು ಬೇಕಾದರೂ ಕಲಿಯಬಹುದು. ನಮ್ಮ ದೇಶದಲ್ಲಿ 2020ರಲ್ಲಿ ಮಂಜೂರಾದ ‘ಮಿಷನ್ ಕರ್ಮಯೋಗಿ’ ಯೋಜನೆಯಡಿ ಸರ್ಕಾರಿ ನೌಕರರು ಆನ್‌ಲೈನ್ ಪಾಠಗಳನ್ನು ಕಲಿಯುವ ವ್ಯವಸ್ಥೆಯಾಗಿದೆ.

ನಾಲ್ಕು ಪ್ರಶ್ನೆಗಳು

ಇಂಥ ಪಾಠಗಳಲ್ಲಿ ಏನಿರುತ್ತದೆ? ಕಾನೂನು, ಅಂಕಿಅಂಶ, ಉದಾಹರಣೆಗಳು ಇರುತ್ತವೆ. ಅವುಗಳ ತಿರುಳನ್ನು ನಾಲ್ಕು ಪ್ರಶ್ನೆಗಳಲ್ಲಿ ಹೇಳಬಹುದು. ಕೆಲಸ ಮಾಡುವವರು ಯಾರು? ಜಮೀನು, ಸಾಲ, ಯಂತ್ರ ಯಾರ ಕೈಯಲ್ಲಿವೆ? ತೀರ್ಮಾನ ಯಾರದು? ಯೋಜನೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ?

ಭತ್ತದ ನಾಟಿ ಯಂತ್ರವನ್ನೇ ತೆಗೆದುಕೊಳ್ಳಿ. ಅದಕ್ಕೆ ಸಹಾಯಧನ ಕೊಡುವುದು ಒಳ್ಳೆಯ ಯೋಜನೆಯೇ. ಆಳು ಸಿಗದೆ ಒದ್ದಾಡುವ ರೈತನಿಗೆ ಅನುಕೂಲ. ಬೆನ್ನು ಬಗ್ಗಿಸಿ ದುಡಿಯುವ ಕಷ್ಟವೂ ತಪ್ಪುತ್ತದೆ. ಈಗ ನಾಲ್ಕು ಪ್ರಶ್ನೆ ಕೇಳಿ. ನಾಟಿ ಮಾಡುತ್ತಿದ್ದವರು ಕೂಲಿ ಹೆಂಗಸರು. ಯಂತ್ರ ಕೊಳ್ಳುವವನು ಜಮೀನಿನ ಒಡೆಯ. ಓಡಿಸಲು ಕಲಿಯುವವನು ಊರಿನ ಹುಡುಗ. ನಾಟಿಯ ದಿನಗಳ ಕೂಲಿ ಕಳೆದುಕೊಳ್ಳುವವಳು ಜಮೀನಿಲ್ಲದ ಹೆಣ್ಣುಮಗಳು. ತರಬೇತಿ ಪಡೆದ ಅಧಿಕಾರಿ ಯಂತ್ರವನ್ನು ಬೇಡವೆನ್ನುವುದಿಲ್ಲ. ಯಂತ್ರಕ್ಕೆ ಬೇಕಾದ ಚಾಪೆ ಸಸಿಮಡಿಯನ್ನು ಬೆಳೆಸಿಕೊಡುವ ಕೆಲಸವನ್ನು ಸ್ತ್ರೀಶಕ್ತಿ ಗುಂಪಿಗೆ ಒಪ್ಪಿಸಬಹುದೇ, ಯಂತ್ರ ಓಡಿಸಲು ಹೆಂಗಸರಿಗೂ ಕಲಿಸಬಹುದೇ ಎಂದು ಯೋಚಿಸುತ್ತಾರೆ. ಯಂತ್ರ ಅದೇ, ಹಣವೂ ಅದೇ. ಫಲ ಮಾತ್ರ ಇನ್ನಷ್ಟು ಮನೆಗಳಿಗೆ ಹಂಚಿಹೋಗುತ್ತದೆ.

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಿಗೂ ಈ ಪ್ರಶ್ನೆಗಳು ಹೊಂದುತ್ತವೆ. ಸೊಪ್ಪು ಬೇಯಿಸುವ ಮೊದಲು ಎಲೆಗಳನ್ನು ಕಡ್ಡಿಗೆ ಕಟ್ಟುವವರು ಯಾರು, ಮಾರಾಟದ ಹಣ ಯಾರ ಖಾತೆಗೆ ಬೀಳುತ್ತದೆ, ವಿಚಾರಿಸಿ ನೋಡಿ.

ಪ್ರಶ್ನೆ ಕೇಳಿದರೆ ಸಾಲದು, ಹಣದಲ್ಲೂ ಕಾಣಬೇಕು. ಕರ್ನಾಟಕ 2007-08ರಿಂದ ಮಹಿಳಾ ಉದ್ದೇಶಿತ ಆಯವ್ಯಯವನ್ನು ಮಂಡಿಸುತ್ತ ಬಂದಿದೆ. ಪೂರ್ತಿ ಮಹಿಳೆಯರಿಗೇ ಮೀಸಲಾದ ಯೋಜನೆಗಳು ಒಂದು ಪಟ್ಟಿಯಲ್ಲಿ, ಶೇಕಡಾ 30ರಿಂದ 99ರವರೆಗೆ ಮಹಿಳೆಯರಿಗೆ ತಲುಪುವ ಯೋಜನೆಗಳು ಇನ್ನೊಂದು ಪಟ್ಟಿಯಲ್ಲಿ ಇರುತ್ತವೆ. ಈ ಪಟ್ಟಿ ನಿಜವಾಗಬೇಕಾದರೆ ಫಲಾನುಭವಿಗಳಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು ಎಂಬ ಲೆಕ್ಕವನ್ನು ಕೆಳಹಂತದ ನೌಕರರು ಸರಿಯಾಗಿ ಬರೆದಿಡಬೇಕು. ಅದಕ್ಕೂ ತರಬೇತಿ ಬೇಕು.

ಪರದೆಯ ಮಿತಿ

ಆನ್‌ಲೈನ್ ತರಬೇತಿಗೂ ಇದೇ ನಾಲ್ಕು ಪ್ರಶ್ನೆಗಳನ್ನು ಕೇಳಬೇಕಲ್ಲವೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದವರು ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ ನೂರಕ್ಕೆ 33. ಕಚೇರಿಯ ಅಧಿಕಾರಿಗೆ ಗಣಕಯಂತ್ರವಿದೆ. ಅಂಗನವಾಡಿ ಕಾರ್ಯಕರ್ತೆ ರಾತ್ರಿ ಅಡುಗೆ ಮುಗಿಸಿ, ಮನೆಯವರೆಲ್ಲ ಬಳಸುವ ಫೋನಿಗೆ ಕಾದು ಪಾಠ ಕೇಳಬೇಕಾಗಬಹುದು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಸಿಗ್ನಲ್ ಸಿಗದ ಕಡೆ ಪಾಠವೇ ತಲುಪುವುದಿಲ್ಲ. ಆದ್ದರಿಂದ ಪಾಠ ಕನ್ನಡದಲ್ಲಿರಬೇಕು, ಕೆಲಸದ ವೇಳೆಯಲ್ಲೇ ಅದಕ್ಕೆ ಸಮಯ ಕೊಡಬೇಕು.

ಇನ್ನೊಂದು ಅಪಾಯವೂ ಇದೆ. ಗುಂಡಿ ಒತ್ತುತ್ತ ಹೋದರೆ ಕೊನೆಗೆ ಪ್ರಮಾಣಪತ್ರ ಸಿಗುತ್ತದೆ. ಮರುದಿನ ಅದೇ ಅಧಿಕಾರಿ ಹಳೆಯ ಪಟ್ಟಿ ಹಿಡಿದು ಅದೇ ಹೆಸರುಗಳಿಗೆ ಆಹ್ವಾನ ಕಳುಹಿಸಿದರೆ ಕಲಿತದ್ದು ಏನು? ತರಬೇತಿಯ ನಿಜವಾದ ಪರೀಕ್ಷೆ ನಡೆಯುವುದು ಮುಂದಿನ ಸಭೆಯ ಆಹ್ವಾನ ಪಟ್ಟಿಯಲ್ಲಿ.

ನಿಮಗೊಂದು ಕೆಲಸ

ನಾಳೆ ನಿಮ್ಮಲ್ಲಿ ಕೆಲವರು ಗ್ರಾಮ ಆಡಳಿತ ಅಧಿಕಾರಿಯಾಗಬಹುದು, ಎಂಜಿನಿಯರ್ ಆಗಬಹುದು, ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಬಹುದು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಒಂದು ಭಾನುವಾರ ನಿಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾರು ಯಾವ ಕೆಲಸಕ್ಕೆ ಎಷ್ಟು ನಿಮಿಷ ಕೊಟ್ಟರು ಎಂದು ಬರೆದಿಡಿ. ನಿಮ್ಮ ಹೆಸರನ್ನೂ ಸೇರಿಸಿ. ಹಸುವಿನ ಹಾಲು ಕರೆಯುವವರು ಯಾರು, ಡೇರಿಯ ಪಾಸ್‌ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಪಹಣಿಯಲ್ಲಿ ನಿಮ್ಮ ತಾಯಿಯ ಹೆಸರಿದೆಯೇ ಎಂದೂ ನೋಡಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ನೀಡಲು ಕರ್ನಾಟಕ 1994ರಲ್ಲೇ, ಅಂದರೆ 2005ರ ಕೇಂದ್ರದ ತಿದ್ದುಪಡಿಗೆ ಹನ್ನೊಂದು ವರ್ಷ ಮೊದಲೇ, ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿತ್ತು ಎಂಬುದು ನೆನಪಿರಲಿ.

ಬರೆದ ಹಾಳೆಯನ್ನು ತರಗತಿಗೆ ತಂದು ಚರ್ಚಿಸಿ. ಮುಂದಿನ ಸಲ ಭೇರ್ಯದ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಗದ್ದೆಯ ಕಡೆ ನೋಡಿದರೆ ನಾಟಿ ಮಾಡುತ್ತಿರುವ ಸಾಲಿನ ತಲೆಗಳನ್ನು ನೀವು ಎಣಿಸದೆ ಇರಲಾರಿರಿ.