ನದಿಗೆ ಸೇತುವೆಯಿದೆ, ರಸ್ತೆಗಿಲ್ಲ

ಮೊಸ್ತಾರ್ ಪಟ್ಟಣದ ಹಳೆಯ ಸೇತುವೆಯ ನೆತ್ತಿಯಲ್ಲಿ ಈಜುಡುಗೆ ತೊಟ್ಟ ಯುವಕನೊಬ್ಬ ನಿಂತಿದ್ದ. ಅವನ ಗೆಳೆಯ ಪ್ರವಾಸಿಗರ ನಡುವೆ ಟೋಪಿ ಹಿಡಿದು ತಿರುಗುತ್ತಿದ್ದ. ಸಾಕೆನಿಸುವಷ್ಟು ಹಣ ಕೂಡಿದ ಮೇಲೆಯೇ ಜಿಗಿತ ಎಂಬುದು ಅಲ್ಲಿನ ನಿಯಮ. ಇಪ್ಪತ್ತು ಮೀಟರಿಗೂ ಮಿಕ್ಕ ಎತ್ತರ. ಕೆಳಗೆ ಹಸಿರು ಗಾಜನ್ನು ಕರಗಿಸಿ ಹರಿಯಬಿಟ್ಟಂತಿರುವ ನೆರೆಟ್ವಾ ನದಿ. ಸುಡುಬಿಸಿಲಿನ ಮಧ್ಯಾಹ್ನದಲ್ಲೂ ಆ ನೀರು ಕೈಯಿಟ್ಟರೆ ಮರಗಟ್ಟಿಸುವಷ್ಟು ತಣ್ಣಗಿತ್ತು. ಯುವಕ ಎರಡು ಬಾರಿ ತೋಳು ಚಾಚಿ, ಎರಡು ಬಾರಿ ಹಿಂದೆ ಸರಿದು, ಮೂರನೆಯ ಬಾರಿ ಹಾರಿದ. ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಅಲ್ಲಿಂದ ಕೆಳಗಿಳಿಯುವಾಗ, ಸೇತುವೆಯ ಅಂಚಿನಲ್ಲಿಟ್ಟಿದ್ದ ಒಂದು ಕಲ್ಲಿನ ಮೇಲೆ ‘93ನ್ನು ಮರೆಯದಿರಿ’ ಎಂಬರ್ಥದ ಇಂಗ್ಲಿಷ್ ಬರಹ ಕಣ್ಣಿಗೆ ಬಿತ್ತು. ಚಪ್ಪಾಳೆಯ ಸದ್ದು ಅಲ್ಲಿಗೆ ನಿಂತಂತಾಯಿತು.

ಬಾಲ್ಕನ್ ಎಂಬ ಪದವೇ ತುರ್ಕಿ ಭಾಷೆಯದು. ಕಾಡು ಕವಿದ ಬೆಟ್ಟಸಾಲು ಎಂದು ಅದರ ಅರ್ಥ. ಬೋಸ್ನಿಯಾ–ಹರ್ಜೆಗೊವಿನಾದಲ್ಲಿ ಈ ಹೆಸರಿನ ಔಚಿತ್ಯ ಪ್ರತಿ ತಿರುವಿನಲ್ಲೂ ಮನದಟ್ಟಾಗುತ್ತದೆ. ಇಲ್ಲಿ ಬಯಲೆಂಬುದೇ ಅಪರೂಪ. ಡೈನಾರಿಕ್ ಆಲ್ಪ್ಸ್ ಪರ್ವತಗಳು ನಾಡಿನುದ್ದಕ್ಕೂ ಮಡಿಕೆ ಮಡಿಕೆಯಾಗಿ ಹಬ್ಬಿವೆ. ಮನುಷ್ಯರಿಗೆ ಉಳಿದಿರುವುದು ನದಿಗಳು ಕೊರೆದಿಟ್ಟ ಕಣಿವೆಗಳು ಮಾತ್ರ. ಆದ್ದರಿಂದಲೇ ಊರುಗಳು ನದಿಯ ದಡದಲ್ಲಿವೆ, ರಸ್ತೆ ನದಿಯನ್ನು ಹಿಂಬಾಲಿಸುತ್ತದೆ, ರೈಲು ರಸ್ತೆಯನ್ನು ಹಿಂಬಾಲಿಸುತ್ತದೆ, ಸೈನ್ಯಗಳು ಇವೆಲ್ಲವನ್ನೂ ಹಿಂಬಾಲಿಸಿವೆ. ಈ ನಾಡಿನ ಚರಿತ್ರೆಯನ್ನು ಓದಬೇಕಾದವರು ಮೊದಲು ಅದರ ನದಿಗಳನ್ನು ಓದಬೇಕು.

ಸರಯೇವೊದಿಂದ ಮೊಸ್ತಾರ್‌ಗೆ ರೈಲಿನಲ್ಲಿ ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೆಟ್ಟದ ಸುರಂಗಗಳಿಂದ ಹೊರಬಿದ್ದ ರೈಲು ಕೊಯಿಂತ್ಸ್ ಊರಿನ ಬಳಿ ನೆರೆಟ್ವಾವನ್ನು ಕೂಡಿಕೊಳ್ಳುತ್ತದೆ. ಮುಂದೆ ಯಾಬ್ಲಾನಿತ್ಸಾ. 1943ರಲ್ಲಿ ಟಿಟೊನ ಪಾರ್ಟಿಸಾನ್ ಯೋಧರು ಜರ್ಮನ್ನರ ಕಣ್ಣಿಗೆ ಮಣ್ಣೆರಚಲು ತಾವೇ ಸೇತುವೆಯನ್ನು ಸಿಡಿಸಿ, ಬಳಿಕ ಗಾಯಾಳುಗಳನ್ನು ಹೊತ್ತು ಅದೇ ಜಾಗದಲ್ಲಿ ನದಿ ದಾಟಿದ ಸ್ಥಳವಿದು. ಮುರಿದ ಉಕ್ಕಿನ ಸೇತುವೆಯೊಂದು ಇಂದಿಗೂ ದಡದಿಂದ ನೀರಿಗೆ ಜೋತುಬಿದ್ದಿದೆ. ಅಲ್ಲಿಂದಾಚೆ ಒಂದು ಕಡೆ ಪ್ರೆನ್ಯ್, ಇನ್ನೊಂದು ಕಡೆ ಚ್ವರ್ಸ್ನಿತ್ಸಾ ಪರ್ವತಗಳು; ಎರಡೂ ಎರಡು ಸಾವಿರ ಮೀಟರಿಗೂ ಎತ್ತರ. ಅವುಗಳ ನಡುವೆ ನದಿಗೂ ಹಳಿಗೂ ಸಾಲುವಷ್ಟೇ ಜಾಗ.

ಈ ಬೆಟ್ಟಗಳದು ಸುಣ್ಣದಕಲ್ಲು. ಮಳೆನೀರು ಕಲ್ಲನ್ನು ಕರಗಿಸಿ ಒಳಗೇ ದಾರಿ ಮಾಡಿಕೊಳ್ಳುವುದರಿಂದ ಹೊರಗೆ ಬೋಳು ಬಂಡೆ, ಒಳಗೆ ಗುಪ್ತಗಾಮಿನಿ. ಮೊಸ್ತಾರ್‌ಗೆ ಹತ್ತಿರದ ಬ್ಲಾಗಾಯ್ ಎಂಬಲ್ಲಿ ನೆಟ್ಟನೆಯ ಬಂಡೆಗೋಡೆಯ ಬುಡದಲ್ಲೊಂದು ಗವಿಯಿದೆ. ಬೂನಾ ನದಿ ಅದರೊಳಗಿಂದ ಹುಟ್ಟಿದ ಕ್ಷಣದಲ್ಲೇ ತುಂಬುಹೊಳೆಯಾಗಿ ಹೊರಬರುತ್ತದೆ. ಗವಿಯ ಪಕ್ಕಕ್ಕೆ ಬಂಡೆಗೆ ಅಂಟಿಕೊಂಡಂತೆ ಸೂಫಿ ಸಂತರ ಬಿಳಿಯ ಮಠ. ಹನಿಹನಿ ಕೂಡಿ ತೊರೆಯಾಗುವುದನ್ನೇ ನದಿಯ ಹುಟ್ಟೆಂದು ತಿಳಿದಿದ್ದ ನಾನು ಅಲ್ಲಿ ಬಹಳ ಹೊತ್ತು ಮೌನವಾಗಿ ಕುಳಿತಿದ್ದೆ. ಕಾಣದೆ ಹರಿಯುವುದು ಒಮ್ಮೆಲೇ ಕಾಣಿಸಿಕೊಳ್ಳುವ ಈ ಪರಿ ನೀರಿಗಷ್ಟೇ ಸಂಬಂಧಿಸಿದ್ದಲ್ಲವೆಂದು ಮುಂದಿನ ದಿನಗಳಲ್ಲಿ ಅನ್ನಿಸುತ್ತ ಹೋಯಿತು.

ಮೊಸ್ತಾರ್ ಎಂಬ ಹೆಸರೇ ಸೇತುವೆಯಿಂದ ಬಂದುದು. ‘ಮೊಸ್ತ್’ ಎಂದರೆ ಸೇತುವೆ, ಅದನ್ನು ಕಾಯುವವರು ‘ಮೊಸ್ತಾರಿ’ಗಳು. ಆಟೊಮನ್ ಸುಲ್ತಾನ ಸುಲೇಮಾನನ ಆಜ್ಞೆಯಂತೆ 1557ರಲ್ಲಿ ಕಲ್ಲಿನ ಸೇತುವೆಯ ಕೆಲಸ ಆರಂಭವಾಗಿ 1566ರಲ್ಲಿ ಮುಗಿಯಿತು. ಶಿಲ್ಪಿ ಮಿಮಾರ್ ಹೈರುದ್ದೀನ್, ಮಹಾಶಿಲ್ಪಿ ಸಿನಾನನ ಶಿಷ್ಯ. ನದಿಯ ನಡುವೆ ಒಂದೂ ಕಂಬವಿಲ್ಲದೆ, ಸ್ಥಳೀಯ ತೆನೆಲಿಯಾ ಎಂಬ ತಿಳಿಬಣ್ಣದ ಕಲ್ಲಿನಲ್ಲಿ ಒಂದೇ ಕಮಾನನ್ನು ದಡದಿಂದ ದಡಕ್ಕೆ ಹಾಯಿಸಿದ ಅದ್ಭುತವದು. 427 ವರ್ಷ ಅದು ಭೂಕಂಪವನ್ನೂ ಪ್ರವಾಹವನ್ನೂ ಎರಡು ಮಹಾಯುದ್ಧಗಳನ್ನೂ ಕಂಡಿತು. 1993ರ ನವೆಂಬರ್ 9ರಂದು ಕ್ರೊಯೇಟ್ ಪಡೆಗಳ ಗುಂಡಿನ ದಾಳಿಗೆ ಕುಸಿದು ನೆರೆಟ್ವಾಕ್ಕೆ ಬಿತ್ತು.

ಅದು ಬೀಳುವ ದೃಶ್ಯ ಚಿತ್ರೀಕರಣಗೊಂಡು ಜಗತ್ತೆಲ್ಲ ಸುತ್ತಿತು. ಆ ವರ್ಷಗಳಲ್ಲಿ ಸಾವಿರಾರು ಜನ ಸತ್ತ ಸುದ್ದಿ ಓದಿ ಪುಟ ತಿರುವಿದವರೂ ಸೇತುವೆ ಬಿದ್ದ ಸುದ್ದಿಗೆ ಮರುಗಿದರು. ಮನುಷ್ಯ ಸಾಯುವವನೆಂದು ನಮಗೆ ಗೊತ್ತು. ಸೇತುವೆ ನಮ್ಮ ನಂತರವೂ ಇರುತ್ತದೆಂಬ ಭರವಸೆಯಲ್ಲಿ ಬದುಕುತ್ತೇವೆ. ಆ ಮರುಕಕ್ಕೆ ಬಹುಶಃ ಇದೇ ಕಾರಣವಿರಬೇಕು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2013ರಲ್ಲಿ ಈ ಧ್ವಂಸವನ್ನು ಅಪರಾಧವೆಂದು ಪರಿಗಣಿಸಿತ್ತು. 2017ರಲ್ಲಿ ಮೇಲ್ಮನವಿ ಪೀಠವು ಸೇತುವೆ ಸೈನಿಕ ಗುರಿಯೂ ಆಗಿತ್ತೆಂದು ಹೇಳಿ ಆ ಒಂದು ಅಂಶವನ್ನು ತಳ್ಳಿಹಾಕಿತು. ಕಾನೂನಿನ ತಕ್ಕಡಿಯಲ್ಲಿ ಅದು ಸರಿಯಿರಬಹುದು. ಆದರೆ ಸೇತುವೆಯ ಕೆಳಗೆ ಈಜು ಕಲಿತವರಿಗೆ ಆ ತಕ್ಕಡಿ ಅರ್ಥವಾಗುವುದು ಕಷ್ಟ.

ಯುದ್ಧದ ಬಳಿಕ ಹಂಗೇರಿಯ ಸೇನೆಯ ಮುಳುಗುಗಾರರು ನದಿಯ ತಳದಿಂದ ಹಳೆಯ ಕಲ್ಲುಗಳನ್ನು ಎತ್ತಿದರು. ಹೆಚ್ಚಿನವು ಮರುಬಳಕೆಗೆ ಒದಗಲಿಲ್ಲ. ಅದೇ ಬಗೆಯ ಕಲ್ಲನ್ನು ತೆಗೆಸಿ, ಹಳೆಯ ವಿಧಾನದಲ್ಲೇ ಕೆತ್ತಿಸಿ ಕಟ್ಟಿದ ಸೇತುವೆ 2004ರ ಜುಲೈ 23ರಂದು ಲೋಕಾರ್ಪಣೆಗೊಂಡಿತು. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಒಡೆದ ಸಮುದಾಯಗಳು ಮತ್ತೆ ಕೂಡಿದ್ದರ ಪ್ರತೀಕವೆಂದು ಭಾಷಣಗಳಲ್ಲಿ ಅದನ್ನು ಬಣ್ಣಿಸಲಾಯಿತು. ನಾನೂ ಹಾಗೆಯೇ ನಂಬಿ ಅಲ್ಲಿಗೆ ಹೋಗಿದ್ದೆ.

ಆದರೆ ಪಟ್ಟಣದಲ್ಲಿ ಎರಡು ದಿನ ಅಡ್ಡಾಡಿದ ಮೇಲೆ ಆ ನಂಬಿಕೆಯ ಲೋಪ ತಿಳಿಯಿತು. ಯುದ್ಧದ ಮುಂಚೂಣಿ ನದಿಯಾಗಿರಲೇ ಇಲ್ಲ. ಹಳೆಯ ಸೇತುವೆಯ ಎರಡೂ ದಡಗಳು ಬೋಸ್ನಿಯಾಕ್ ಮುಸ್ಲಿಮರ ಹಿಡಿತದಲ್ಲಿದ್ದವು. ಅವರನ್ನೂ ಕ್ರೊಯೇಟ್ ಕ್ಯಾಥೊಲಿಕರನ್ನೂ ಬೇರ್ಪಡಿಸಿದ್ದು ನದಿಯ ಪಶ್ಚಿಮಕ್ಕೆ ತುಸು ದೂರದಲ್ಲಿರುವ ಬುಲೆವಾರ್ ಎಂಬ ಒಂದು ಅಗಲ ರಸ್ತೆ. ಗುಂಡಿನ ತೂತುಗಳಿಂದ ಜರಡಿಯಾದ, ಒಳಗೆ ಮರ ಬೆಳೆದ ಕಟ್ಟಡಗಳು ಅಲ್ಲಿ ಇನ್ನೂ ನಿಂತಿವೆ. ರಸ್ತೆ ದಾಟಲು ಅರ್ಧ ನಿಮಿಷ ಸಾಕು, ಯಾರೂ ತಡೆಯುವುದಿಲ್ಲ. ಆದರೂ ನಾನು ತಂಗಿದ್ದ ಮನೆಯ ಒಡತಿ, ಅರುವತ್ತು ದಾಟಿದ ಹಿರಿಯ ಹೆಂಗಸು, ಕಾಫಿ ಸುರಿಯುತ್ತ ಸಹಜವಾಗಿಯೇ ಹೇಳಿದರು: ‘ಆ ಕಡೆ ನನಗೇನೂ ಕೆಲಸವಿರುವುದಿಲ್ಲ.’ ಅವರ ದನಿಯಲ್ಲಿ ದ್ವೇಷವಿರಲಿಲ್ಲ. ನನ್ನನ್ನು ಕಾಡಿದ್ದೂ ಅದೇ.

ಆ ರಸ್ತೆಯ ಸಮೀಪದಲ್ಲೇ ಮೊಸ್ತಾರ್‌ನ ಪ್ರಸಿದ್ಧ ಶಾಲೆಯಿದೆ. ಒಂದೇ ಕಟ್ಟಡದಲ್ಲಿ ಕ್ರೊಯೇಟ್ ಮಕ್ಕಳಿಗೊಂದು, ಬೋಸ್ನಿಯಾಕ್ ಮಕ್ಕಳಿಗೊಂದು ಪಠ್ಯಕ್ರಮ. ಈ ಬಗೆಯ ಶಾಲೆಗಳಿಗೆ ಅಲ್ಲಿ ‘ಒಂದೇ ಸೂರಿನಡಿ ಎರಡು ಶಾಲೆ’ ಎಂಬ ಹೆಸರೇ ಬಿದ್ದಿದೆ. ಚುನಾವಣೆಯ ನಿಯಮಗಳ ಬಗ್ಗೆ ಒಮ್ಮತ ಮೂಡದೆ 2008ರಿಂದ 2020ರ ಡಿಸೆಂಬರ್‌ವರೆಗೆ ಈ ನಗರದಲ್ಲಿ ಪೌರಸಂಸ್ಥೆಯ ಚುನಾವಣೆಯೇ ನಡೆಯಲಿಲ್ಲ. 1995ರ ಡೇಟನ್ ಒಪ್ಪಂದ ಬಂದೂಕುಗಳನ್ನು ನಿಲ್ಲಿಸಿತು. ಅದಕ್ಕಾಗಿ ಆ ನಾಡು ಕೃತಜ್ಞವಾಗಿರಬೇಕು. ಆದರೆ ಅದೇ ಒಪ್ಪಂದ ದೇಶವನ್ನು ಎರಡು ಆಡಳಿತ ಘಟಕಗಳಾಗಿ ವಿಂಗಡಿಸಿ, ಅಧಿಕಾರವನ್ನು ಜನಾಂಗಗಳ ಲೆಕ್ಕದಲ್ಲಿ ಹಂಚಿತು. ತನ್ನ ಜನಾಂಗ ಯಾವುದೆಂದು ಹೇಳದೆ ಪ್ರಜೆಯಾಗುವುದು ಅಲ್ಲಿ ಸುಲಭವಲ್ಲ.

ಸರಯೇವೊ ನಮ್ಮಲ್ಲಿ ಹಲವರಿಗೆ ಪ್ರೌಢಶಾಲೆಯ ಇತಿಹಾಸದ ಪರೀಕ್ಷೆಯಲ್ಲಿ ಪರಿಚಯವಾದ ಊರು. ಮೊದಲನೆಯ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನೆಂಬ ಪ್ರಶ್ನೆಗೆ ಆಸ್ಟ್ರಿಯಾದ ಯುವರಾಜನ ಹತ್ಯೆಯೆಂದು ಬರೆದು ಅಂಕ ಗಳಿಸಿದವರು ನಾವು. 1914ರ ಜೂನ್ 28ರ ಆ ಹತ್ಯೆ ನಡೆದ ಜಾಗ ಮಿಲ್ಯಾಟ್ಸ್ಕಾ ಎಂಬ ಪುಟ್ಟ ಹೊಳೆಯ ಲ್ಯಾಟಿನ್ ಸೇತುವೆಯ ತುದಿಯಲ್ಲಿದೆ. ಮೊಣಕಾಲುದ್ದದ ನೀರಿನ ಹೊಳೆಯದು. ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಹದಿನಾರನೆಯ ಶತಮಾನದ ಗಾಜಿ ಹುಸ್ರೆವ್ ಬೇಗ್ ಮಸೀದಿ, ಆರ್ಥೊಡಾಕ್ಸ್ ಚರ್ಚು, ಕ್ಯಾಥೊಲಿಕ್ ಕೆಥೆಡ್ರಲ್, ಯಹೂದಿಗಳ ಪ್ರಾರ್ಥನಾ ಮಂದಿರ ಎಲ್ಲವೂ ಸಿಗುತ್ತವೆ.

ಈ ನಗರ ಬೆಟ್ಟಗಳ ಬೋಗುಣಿಯ ತಳದಲ್ಲಿದೆ. 1984ರ ಚಳಿಗಾಲದ ಒಲಿಂಪಿಕ್ಸ್‌ಗೆ ಆಟಗಾರರನ್ನು ಕರೆತಂದ ಅದೇ ಬೆಟ್ಟಗಳ ಮೇಲೆ 1992ರಲ್ಲಿ ಸರ್ಬ್ ಪಡೆಗಳ ಫಿರಂಗಿಗಳು ಕುಳಿತವು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕರಾಗಿ ಆ ವರ್ಷ ಅಲ್ಲಿಗೆ ಹೋದವರು ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಮುತ್ತಿಗೆ 1,425 ದಿನ ಮುಂದುವರಿಯಿತು. ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಗ್ರಂಥಾಲಯ ಶೆಲ್ ದಾಳಿಗೆ ಹೊತ್ತಿ ಉರಿದು ಲಕ್ಷಾಂತರ ಪುಸ್ತಕಗಳು ಬೂದಿಯಾದವು. ನದಿಗಳ ನಾಡಿನ ರಾಜಧಾನಿಯಲ್ಲಿ ಜನ ಬಿಯರ್ ಕಾರ್ಖಾನೆಯ ಒರತೆಯ ಮುಂದೆ ಡಬ್ಬ ಹಿಡಿದು ನೀರಿಗೆ ಸಾಲುಗಟ್ಟಿ ನಿಂತರು. 2012ರಲ್ಲಿ, ಮುತ್ತಿಗೆಯ ಇಪ್ಪತ್ತನೆಯ ವರ್ಷ, ಮುಖ್ಯಬೀದಿಯುದ್ದಕ್ಕೂ 11,541 ಖಾಲಿ ಕೆಂಪು ಕುರ್ಚಿಗಳನ್ನಿಟ್ಟು ನಗರ ತನ್ನ ಸತ್ತವರನ್ನು ನೆನೆಯಿತು. ಗ್ರಂಥಾಲಯದ ಕಟ್ಟಡವೂ 2014ರಲ್ಲಿ ಹೊಸದಾಗಿ ತೆರೆಯಿತು. ಗೋಡೆ, ಗಾಜು, ಚಿತ್ತಾರ ಎಲ್ಲವೂ ಮರಳಿ ಬಂದಿವೆ. ಸುಟ್ಟುಹೋದ ಪುಸ್ತಕಗಳು ಬರಲಿಲ್ಲ.

ಇನ್ನು ಡ್ರೀನಾ. ತಾರಾ ಮತ್ತು ಪೀವಾ ನದಿಗಳು ಕೂಡಿ ಹುಟ್ಟುವ, 346 ಕಿಲೊಮೀಟರ್ ಹರಿದು ಸಾವಾ ನದಿಯನ್ನು ಸೇರುವ ಈ ಹೊಳೆಗೆ ವಿಶೆಗ್ರಾದ್‌ನಲ್ಲಿ ಹನ್ನೊಂದು ಕಮಾನುಗಳ ಸೇತುವೆಯಿದೆ. ಕಟ್ಟಿಸಿದವನು ಮೆಹ್ಮೆದ್ ಪಾಶಾ ಸೊಕೊಲೊವಿಚ್. ಅದೇ ಸೀಮೆಯ ಕ್ರೈಸ್ತ ಮನೆಯಿಂದ ಆಟೊಮನ್ನರು ಬಾಲಕನಾಗಿದ್ದಾಗಲೇ ಕಿತ್ತೊಯ್ದು, ಮುಂದೆ ಸಾಮ್ರಾಜ್ಯದ ಮಹಾವಜೀರನಾದವನು. ಶಿಲ್ಪಿ ಸ್ವತಃ ಸಿನಾನ್. 1577ರಲ್ಲಿ ಮುಗಿದ ಈ ಸೇತುವೆಯನ್ನೇ ಕಥಾನಾಯಕನನ್ನಾಗಿಸಿ ಇವೊ ಆಂದ್ರಿಚ್ 1945ರಲ್ಲಿ ‘ಡ್ರೀನಾ ನದಿಯ ಸೇತುವೆ’ ಕಾದಂಬರಿ ಪ್ರಕಟಿಸಿದರು. 1961ರಲ್ಲಿ ನೊಬೆಲ್ ಬಂದಾಗ ಆ ಹಣವನ್ನು ಬೋಸ್ನಿಯಾದ ಗ್ರಂಥಾಲಯಗಳಿಗೆ ಕೊಟ್ಟರು.

ಸಾಹಿತ್ಯದ ಅಭಿಮಾನಿಯಾಗಿ ಆ ಸೇತುವೆಯ ನಡುವಿನ ಕಲ್ಲಿನ ಆಸನದಲ್ಲಿ ಕೂರಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ಕೂತೆ, ಆದರೆ ನೆಮ್ಮದಿಯಿಂದ ಕೂರಲಾಗಲಿಲ್ಲ. 1992ರಲ್ಲಿ ಇದೇ ಸೇತುವೆಯ ಮೇಲೆ ಬೋಸ್ನಿಯಾಕ್ ನಾಗರಿಕರನ್ನು ಕೊಂದು ನದಿಗೆ ಎಸೆಯಲಾಯಿತು. ಯುದ್ಧಕ್ಕೆ ಮೊದಲು ಜನಸಂಖ್ಯೆಯಲ್ಲಿ ಶೇ 60ಕ್ಕೂ ಹೆಚ್ಚಿದ್ದವರು ಇಂದು ಅಲ್ಲಿ ಅಲ್ಪಸಂಖ್ಯಾತರು. ಕೆಳಹರಿವಿನ ಪೆರುಚಾಟ್ಸ್ ಜಲಾಶಯದ ನೀರನ್ನು 2010ರಲ್ಲಿ ಅಣೆಕಟ್ಟಿನ ದುರಸ್ತಿಗಾಗಿ ಇಳಿಸಿದಾಗ ಹೂಳಿನಲ್ಲಿ ಮನುಷ್ಯರ ಅಸ್ಥಿಗಳು ಸಿಕ್ಕವು. ಬ್ಲಾಗಾಯ್‌ನ ಗವಿ ನನಗೆ ಆಗ ನೆನಪಾಯಿತು. ಸೇತುವೆಯ ಬಳಿ 2014ರಲ್ಲಿ ಆಂದ್ರಿಚ್ ಹೆಸರಿನಲ್ಲಿ ಕಲ್ಲಿನ ಹೊಸ ಪಟ್ಟಣವೊಂದೇ ಎದ್ದಿದೆ. ಪ್ರವಾಸಿಗೆ ಬೇಕಾದುದೆಲ್ಲ ಅಲ್ಲಿದೆ. 1992ರ ಮಾತು ಮಾತ್ರ ಸುಲಭಕ್ಕೆ ಸಿಗುವುದಿಲ್ಲ.

ಹಾಗಾದರೆ ಈ ನಾಡಿನಲ್ಲಿ ನಿರಾಶೆಯಷ್ಟೇ ಉಳಿದಿದೆಯೆ? ಹಾಗೆಂದು ಬರೆದರೆ ಅದು ಅನ್ಯಾಯವಾದೀತು. ಮಧ್ಯ ಬೋಸ್ನಿಯಾದ ಕ್ರುಶ್ಚಿತ್ಸಾ ಎಂಬ ಹಳ್ಳಿಯಲ್ಲಿ ತಮ್ಮ ಹೊಳೆಗೆ ಎರಡು ಕಿರು ಜಲವಿದ್ಯುತ್ ಅಣೆಕಟ್ಟು ಬರುವುದೆಂದು ತಿಳಿದ ಹೆಂಗಸರು 2017ರಲ್ಲಿ ಹಳ್ಳಿಯ ಸೇತುವೆಯ ಮೇಲೆ ಕುಳಿತುಬಿಟ್ಟರು. ಪೊಲೀಸರು ಬಲಪ್ರಯೋಗ ಮಾಡಿ ಎಬ್ಬಿಸಿದರು. ಮತ್ತೆ ಬಂದು ಕುಳಿತರು. ಮಳೆ ಹಿಮಗಳಲ್ಲಿ ಪಾಳಿಯ ಮೇಲೆ ಹಗಲಿರುಳು 503 ದಿನ ಕಾದರು. 2018ರ ಡಿಸೆಂಬರ್‌ನಲ್ಲಿ ಪರವಾನಗಿಗಳು ರದ್ದಾದವು. ಆ ಹೆಂಗಸರ ಮುಂದಾಳು ಮೈದಾ ಬಿಲಾಲ್ ಅವರಿಗೆ 2021ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2022ರಲ್ಲಿ ದೇಶದ ಎರಡು ಘಟಕಗಳಲ್ಲೊಂದಾದ ಫೆಡರೇಷನ್ ಹೊಸ ಕಿರು ಜಲವಿದ್ಯುತ್ ಯೋಜನೆಗಳನ್ನು ನಿಷೇಧಿಸಿತು. ಸುಲ್ತಾನನೂ ವಜೀರನೂ ಕಟ್ಟಿಸಿದ ಸೇತುವೆಗಳನ್ನು ನೋಡಲು ಹೋದ ನನಗೆ, ಹೆಸರಿಲ್ಲದ ಈ ಹಳ್ಳಿಯ ಸೇತುವೆಯ ಕಥೆ ಅವೆರಡರಷ್ಟೇ ದೊಡ್ಡದಾಗಿ ಕಂಡಿತು.

ಭಗ್ನವಾದುದನ್ನು ಮತ್ತೆ ಕಟ್ಟುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಕಲ್ಲು ಕೂಡಿಸಿದ್ದನ್ನೇ ಜನ ಕೂಡಿದ್ದೆಂದು ಬಗೆದು ಸಮಾರಂಭ ಮುಗಿಸಿ ಹೊರಟುಬಿಡುವುದು ನಮ್ಮಂಥ ಹೊರಗಿನವರು ಮಾಡುವ ತಪ್ಪು. ಹಣ ಬಂದರೆ, ಶಿಲ್ಪಿಗಳು ದೊರೆತರೆ ಕಮಾನು ಕೆಲವು ವರ್ಷಗಳಲ್ಲಿ ಎದ್ದು ನಿಲ್ಲುತ್ತದೆ. ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ತಮ್ಮ ಊರಿನಲ್ಲಿ ಏನಾಯಿತೆಂಬುದನ್ನು ಒಂದೇ ಪುಸ್ತಕದಲ್ಲಿ ಓದುವ ದಿನಕ್ಕೆ ಅದಕ್ಕಿಂತ ಹೆಚ್ಚು ತಾಳ್ಮೆ ಬೇಕು, ಹೆಚ್ಚು ಸತ್ಯವೂ ಬೇಕು.

ಹೊರಡುವ ಸಂಜೆ ಮತ್ತೊಮ್ಮೆ ಸೇತುವೆಯ ಬಳಿ ಹೋದೆ. ಪ್ರವಾಸಿಗರು ಕರಗಿದ್ದರು. ಟೋಪಿ ಹಿಡಿಯುವ ಗೆಳೆಯನೂ ಇರಲಿಲ್ಲ. ಹತ್ತು ಹನ್ನೆರಡರ ಪ್ರಾಯದ ಹುಡುಗರ ಗುಂಪೊಂದು ದಡದ ತಗ್ಗಿನ ಬಂಡೆಯಿಂದ ಜಿಗಿಯುವುದನ್ನು ಅಭ್ಯಾಸ ಮಾಡುತ್ತಿತ್ತು. ಅವರಲ್ಲಿ ಯಾರು ಯಾವ ಕಡೆಯವರೋ ನನಗೆ ಗೊತ್ತಾಗಲಿಲ್ಲ. ಕೇಳಬೇಕೆಂದೂ ಅನ್ನಿಸಲಿಲ್ಲ.