ಮಣ್ಣಿನ ಬ್ಯಾರನ್ನಿನ ಎರಡು ಕಿಂಡಿ

ಒಂದು ಬುಟ್ಟಿ ಜೇಡಿಮಣ್ಣು, ಹಳೇ ರಟ್ಟು, ಪಪ್ಪಾಯಿ ಎಲೆಯ ಕೊಳವೆ, ತೆಂಗಿನಗರಿಯ ಕಡ್ಡಿ. ಪಿರಿಯಾಪಟ್ಟಣ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಏಳನೇ ತರಗತಿಯ ಮಕ್ಕಳ ಮುಂದೆ ಇವನ್ನೆಲ್ಲ ಸುರಿದ ವಿಜ್ಞಾನದ ಮೇಡಂ, ‘ನಿಮ್ಮೂರಿನ ಹೊಗೆಸೊಪ್ಪಿನ ಬ್ಯಾರನ್ ಕಟ್ಟಿ’ ಎಂದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಸೊಪ್ಪು ಹದ ಮಾಡುವ ಈ ಬ್ಯಾರನ್ ನೋಡದೆ ಬೆಳೆದ ಮಕ್ಕಳು ಕಡಿಮೆ. ಹೊರಗೆ ಸೌದೆ ಉರಿಯುವ ಒಲೆ, ಒಳಗೆ ನೆಲದುದ್ದಕ್ಕೂ ಶಾಖ ಸಾಗುವ ಕೊಳವೆ, ಮೇಲೆ ಸಾಲುಸಾಲಾಗಿ ಕಡ್ಡಿಗೆ ಕಟ್ಟಿ ತೂಗುಬಿಟ್ಟ ಸೊಪ್ಪು.

‘ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ’ ಎಂದು ಟೆಸ್ಟಿನಲ್ಲಿ ತಪ್ಪಿಲ್ಲದೆ ಬರೆದಿದ್ದ ಹುಡುಗ ಕೊಳವೆಗಳನ್ನು ಮಾಡಿನ ಕೆಳಗೇ ಜೋಡಿಸಿದ್ದ. ಕಿಂಡಿಯೇ ಇರಲಿಲ್ಲ. ಆ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದ ಹುಡುಗಿ ಗೋಡೆಯ ಬುಡದಲ್ಲೊಂದು, ನೆತ್ತಿಯಲ್ಲೊಂದು ಕಿಂಡಿ ಕೊರೆದು, ಮೇಲಿನದಕ್ಕೆ ರಟ್ಟಿನ ಬಾಗಿಲನ್ನೂ ಇಟ್ಟಿದ್ದಳು.

‘ಕೆಳಗೆ ಯಾಕಮ್ಮ ತೂತು?’

‘ಮೇಲಿಂದ ಗಾಳಿ ಹೋಗ್ಬೇಕು ಅಂದ್ರೆ ಕೆಳಗಿಂದ ಬರ್ಬೇಕಲ್ವಾ ಮಿಸ್?’

‘ಬಾಗಿಲು?’

‘ಮೊದ್ಲು ಮುಚ್ಚಿರ್ಬೇಕು. ಸೊಪ್ಪು ಹಳದಿ ಆದ್ಮೇಲೆ ತೆಗೀಬೇಕು, ನೀರಿನಂಶ ಹೋಗ್ಬೇಕಲ್ಲ.’

ಮೇಡಂ ಹಣತೆ ಹಚ್ಚಿ ಅವಳ ಬ್ಯಾರನ್ನಿನ ಒಳಗಿಟ್ಟು, ಕೆಳಗಿನ ಕಿಂಡಿಗೆ ಊದುಬತ್ತಿ ಹಿಡಿದರು. ಹೊಗೆ ಎಳೆಯಾಗಿ ಒಳಗೆ ನುಸುಳಿತು, ಒಂದು ಕ್ಷಣ ಕಾಣೆಯಾಗಿ, ನೆತ್ತಿಯ ಕಿಂಡಿಯಿಂದ ಎದ್ದು ಬಂತು. ಆ ಹುಡುಗ ಹಣತೆಯ ಮೇಲೆ, ಪಕ್ಕದಲ್ಲಿ ಅಂಗೈ ಹಿಡಿದು ನೋಡಿದ. ಯಾರೂ ಹೇಳದೆಯೇ ತನ್ನ ಕೊಳವೆಗಳನ್ನು ಕಿತ್ತು ನೆಲಕ್ಕಿಳಿಸಿದ. ಉತ್ತರಪತ್ರಿಕೆ ಇವರಿಬ್ಬರನ್ನೂ ಅದಲುಬದಲಾಗಿ ಕೂರಿಸಿತ್ತು. ಮಣ್ಣು ಅದನ್ನು ಒಂದೇ ಪೀರಿಯಡ್ಡಿನಲ್ಲಿ ಸರಿಪಡಿಸಿತು.

ಈ ಸೀಮೆಗೆ ಹೀಗೆ ಮಾಡುತ್ತ ಕಲಿಯುವುದು ಹೊಸದಲ್ಲ. ಚಟುವಟಿಕೆಯ ಮೂಲಕ ಕಲಿಸುವ, ಯುನಿಸೆಫ್ ನೆರವಿನ ‘ನಲಿ-ಕಲಿ’ 1995ರಲ್ಲಿ ಶುರುವಾಗಿದ್ದೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದ ಇಲ್ಲಿನ ಮೇಷ್ಟ್ರುಗಳೇ ಕಾರ್ಡು, ಕಲಿಕಾ ಏಣಿಗಳನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿತು. ನಲಿ-ಕಲಿ ಕೊಠಡಿಯ ಚೆಂದವೆಂದರೆ ಚಪ್ಪರ. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ಇಳಿಬಿಟ್ಟಿರುತ್ತಾರೆ. ಯಾವ ಮಗು ಎಲ್ಲಿಗೆ ಬಂದಿದೆ ಎಂದು ತಿಳಿಯಲು ಕತ್ತೆತ್ತಿ ನೋಡಿದರೆ ಸಾಕು.

ಚಪ್ಪರ ಮೂರನೇ ತರಗತಿಗೇ ಮುಗಿಯುತ್ತದೆ. ನಾಲ್ಕಕ್ಕೆ ಕಾಲಿಟ್ಟರೆ ನೋಟ್ಸು, ಪ್ರಶ್ನೋತ್ತರ. ಏಳನೇ ತರಗತಿಗೆ ಮಣ್ಣು ತರುವ ಮೇಡಂಗೆ ‘ಸಿಲಬಸ್ ಯಾವಾಗ ಮುಗಿಸ್ತೀರಾ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಟೆಸ್ಟಿನ ಹತ್ತು ಅಂಕದಲ್ಲಿ ಎರಡಾದರೂ ಕೈಗೆಲಸಕ್ಕೆ ಸಿಗಬಾರದೇ?

ವಾರದ ಮೇಲೆ ಫೋಟೊ ತೆಗೆಯಲು ಆ ಶಾಲೆಗೆ ಮತ್ತೆ ಹೋದೆ. ಕಿಟಕಿಯ ಕಟ್ಟೆಯ ಮೇಲಿದ್ದ ಆ ಹುಡುಗಿಯ ಬ್ಯಾರನ್ನಿನ ಗೋಡೆ ಒಣಗಿ ಬಿರುಕು ಬಿಟ್ಟಿತ್ತು. ನೆತ್ತಿಯ ರಟ್ಟಿನ ಬಾಗಿಲು ಇನ್ನೂ ತೆರೆದೇ ಇತ್ತು.