ರೋಗ ರಕ್ತದಾಗ ಬಂದದ್ದೇನ್ರಿ, ಸಿಸ್ಟರ್?



ಹಟ್ಟಿಯ ಒಂದು ಸಂಘದ ವಾರದ ಸಭೆ. ಉಳಿತಾಯದ ಹಣ ಕಟ್ಟಿ, ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಒಬ್ಬ ತಾಯಿ ಹಿಂದೆಯೇ ಉಳಿದರು. ಮೆಲ್ಲಗೆ ಕೇಳಿದರು: "ಸಿಸ್ಟರ್, ನಮ್ಮ ಮನಿಯವರು ಶ್ವಾಸಕೋಶದ ಕ್ಯಾನ್ಸರ್ ಆಗಿ ಹೋದ್ರು. ಅವರ ಅಪ್ಪಗೂ ಅದೇ ಆಗಿತ್ತು. ಈಗ ಮಗಳನ್ನ ನೋಡಾಕ ಬಂದವರು 'ಅದು ರಕ್ತದಾಗಿನ ರೋಗ, ಮಕ್ಕಳಿಗೂ ಬರ್ತದ' ಅಂತ ಹಿಂದಕ್ಕ ಸರದಾರ. ಖರೇ ಏನ್ರಿ?"

ಅವರಿಗೆ ಹೇಳಿದ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಆ ಮಾತಿನಲ್ಲಿ ಒಂದು ಚಿಟಿಕೆ ಸತ್ಯ ಇದೆ. ಆದರೆ ಆ ಚಿಟಿಕೆಯನ್ನು ಹಿಡಿದು ಒಂದು ಹುಡುಗಿಯ ಬಾಳನ್ನು ಅಳೆಯುವುದು ತಪ್ಪು.

ತಂದೆ-ತಾಯಿಯಿಂದ ಬರುವುದು ಏನು?

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದೊಳಗೆ ಡಿ.ಎನ್.ಎ. ಎಂಬ ಬಹಳ ಉದ್ದದ ಎಳೆ ಇದೆ. ಅದರಲ್ಲಿ ಸುಮಾರು 300 ಕೋಟಿ ಅಕ್ಷರಗಳಲ್ಲಿ ಬರೆದ ಹಾಗೆ ಸೂಚನೆಗಳಿವೆ. ಒಂದು ಪ್ರತಿ ತಾಯಿಯಿಂದ, ಒಂದು ಪ್ರತಿ ತಂದೆಯಿಂದ ಬರುತ್ತದೆ. ಇದರಲ್ಲಿ ಮೈಗೆ ಬೇಕಾದ ಪ್ರೋಟೀನು ತಯಾರಿಸುವ ಭಾಗಗಳಿಗೆ ಜೀನ್ ಎನ್ನುತ್ತಾರೆ. ಅಂಥವು ಸುಮಾರು 20,000 ಇವೆ. ಆಶ್ಚರ್ಯವೆಂದರೆ, ಪ್ರೋಟೀನಿನ ಸೂಚನೆ ಇರುವುದು ಇಡೀ ಎಳೆಯಲ್ಲಿ ನೂರಕ್ಕೆ ಎರಡು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಒಂದು ಪಾಲು, ಯಾವ ಜೀನ್ ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡಬೇಕು ಎಂದು ಹತೋಟಿ ಮಾಡುತ್ತದೆ.

ಕಾಲುವೆಯ ಗೇಟಿನ ಹಾಗೆ

ಸಿಂಧನೂರು, ಮಸ್ಕಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದ್ದೀರಿ. ಹೊಲ ಒಳ್ಳೆಯದಿದೆ, ಬೀಜ ಒಳ್ಳೆಯದಿದೆ. ಆದರೆ ಮೇಲೆ ಗೇಟು ಒಂದು ಗೇಣು ಕೆಳಗಿಳಿದರೆ ಕೆಳಭಾಗದ ಗದ್ದೆ ಒಣಗುತ್ತದೆ. ಜಾಸ್ತಿ ಎತ್ತಿದರೆ ಮೇಲಿನ ಗದ್ದೆ ಜೌಗು ಆಗುತ್ತದೆ. ಹೊಲದಲ್ಲಿ ದೋಷವಿಲ್ಲ, ಗೇಟಿನಲ್ಲಿ ವ್ಯತ್ಯಾಸ.

ಜೀನ್ ಎಂದರೆ ಹೊಲ. ಹತೋಟಿ ಭಾಗ ಎಂದರೆ ಗೇಟು. ಆ ಗೇಟಿನಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗಿದ್ದರೂ ಆ ಜೀನ್ ಸ್ವಲ್ಪ ಹೆಚ್ಚು ಅಥವಾ ಸ್ವಲ್ಪ ಕಡಿಮೆ ಕೆಲಸ ಮಾಡಬಹುದು. ಇಂಥ ಸಣ್ಣ ಬದಲಾವಣೆಗಳು ನಮ್ಮೆಲ್ಲರಲ್ಲೂ ಇವೆ. ರೋಗಗಳ ಜೊತೆ ಸಂಬಂಧವಿದೆ ಎಂದು ವಿಜ್ಞಾನಿಗಳು ಗುರುತಿಸಿದ ಬದಲಾವಣೆಗಳಲ್ಲಿ ಹೆಚ್ಚಿನವು ಜೀನಿನೊಳಗೆ ಇಲ್ಲ, ಹೊರಗಿನ ಇಂಥ ಭಾಗಗಳಲ್ಲೇ ಇವೆ.

ಶ್ವಾಸಕೋಶದ ವಿಷಯದಲ್ಲಿ ಕಂಡದ್ದು

2008ರಲ್ಲಿ ಬೇರೆ ಬೇರೆ ದೇಶಗಳ ಮೂರು ತಂಡಗಳು ಒಂದೇ ಜಾಗವನ್ನು ತೋರಿಸಿದವು. ಅದು 15ನೇ ವರ್ಣತಂತುವಿನಲ್ಲಿದೆ. ಅಲ್ಲಿರುವ ಜೀನ್‌ಗಳು ತಂಬಾಕಿನ ನಿಕೋಟಿನ್ ಬಂದು ಅಂಟಿಕೊಳ್ಳುವ 'ಬಾಗಿಲು'ಗಳನ್ನು ಮಾಡುತ್ತವೆ. ಅಲ್ಲಿ ಜೀನಿನ ಒಳಗೂ ಬದಲಾವಣೆ ಇದೆ, ಗೇಟಿನಲ್ಲೂ ಇದೆ. ಅಂಥ ಬದಲಾವಣೆ ಇರುವವರು ಬೀಡಿ-ಸಿಗರೇಟಿಗೆ ಅಂಟಿಕೊಂಡರೆ ಹೆಚ್ಚು ಸೇದುತ್ತಾರೆ, ಬಿಡುವುದೂ ಕಷ್ಟ.

ಇನ್ನೊಂದು ಜಾಗ 5ನೇ ವರ್ಣತಂತುವಿನಲ್ಲಿದೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟದಿದ್ದರೆ ನೂಲು ಬಿಚ್ಚಿಕೊಳ್ಳುತ್ತದಲ್ಲ, ಹಾಗೆ ಡಿ.ಎನ್.ಎ. ಎಳೆಯ ತುದಿಯನ್ನು ಕಾಯುವ ಜೀನ್ ಅಲ್ಲಿದೆ. ಆ ಜಾಗದ ಬದಲಾವಣೆ ಒಮ್ಮೆಯೂ ಸೇದದವರಲ್ಲೂ, ಅದರಲ್ಲೂ ಪೂರ್ವ ಏಷ್ಯಾದ ಹೆಂಗಸರಲ್ಲಿ, ಅಪಾಯವನ್ನು ಸ್ವಲ್ಪ ಏರಿಸುವುದು ಕಂಡಿದೆ.

ಸಂಘದ ಲೆಕ್ಕದ ಹಾಗೆ ಲೆಕ್ಕ ಹಾಕೋಣ

15ನೇ ವರ್ಣತಂತುವಿನ ಆ ಬದಲಾವಣೆ ಒಂದು ಪ್ರತಿ ಇದ್ದರೆ ಅಪಾಯ ನೂರಕ್ಕೆ ಸುಮಾರು 30ರಷ್ಟು ಏರುತ್ತದೆ. ಅಂದರೆ 10 ಇದ್ದದ್ದು 13 ಆಯಿತು. ಅದೇ ಸಿಗರೇಟು ಸೇದಿದರೆ, ಅಮೆರಿಕದ ಲೆಕ್ಕದಂತೆ, 15ರಿಂದ 30 ಪಟ್ಟು ಏರುತ್ತದೆ. 10 ಇದ್ದದ್ದು 150 ಆಗಬಹುದು, 300 ಆಗಬಹುದು. ಬೀಡಿ ಸಣ್ಣದು, ಏನೂ ಆಗಲ್ಲ ಅನ್ನಬೇಡಿ. ಬೀಡಿಯೂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ.

ಈಗ ನೀವೇ ಹೇಳಿ, ದೊಡ್ಡ ಸಾಲ ಯಾವುದು, ಸಣ್ಣ ಸಾಲ ಯಾವುದು? ರಕ್ತದಿಂದ ಬಂದ ಸಾಲ ಸಣ್ಣದು. ಹೊಗೆಯಿಂದ ಬಂದ ಸಾಲ ದೊಡ್ಡದು. ಮೊದಲನೆಯದನ್ನು ನಾವು ಬದಲಿಸಲಾರೆವು. ಎರಡನೆಯದು ನಮ್ಮ ಕೈಯಲ್ಲಿದೆ.

ಹಟ್ಟಿಯ ಧೂಳು, ಅಡಿಗೆಮನೆಯ ಹೊಗೆ

ಹಟ್ಟಿಯ ಚಿನ್ನ ಬೆಣಚುಕಲ್ಲಿನ ಪದರಿನಲ್ಲಿದೆ. ಬೆಣಚು ಎಂದರೆ ಸಿಲಿಕಾ. ಕಲ್ಲು ಕೊರೆಯುವಾಗ, ಒಡೆಯುವಾಗ ಏಳುವ ನುಣ್ಣನೆಯ ಸಿಲಿಕಾ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಘೋಷಿಸಿತು. ಡೀಸೆಲ್ ಹೊಗೆಯನ್ನು 2012ರಲ್ಲಿ ಅದೇ ಪಟ್ಟಿಗೆ ಸೇರಿಸಿತು. ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ, ಕ್ಷಯದ ಅಪಾಯವೂ ಏರುತ್ತದೆ. ಕ್ರಷರ್‌ಗಳಲ್ಲಿ ಜಲ್ಲಿ ಹೊರುವ ಅಕ್ಕಂದಿರಿಗೂ ಇದೇ ಮಾತು.

ಇನ್ನು ನಮ್ಮ ಒಲೆ. ಚೀನಾದ ಷುವಾನ್‌ವೇ ಎಂಬ ಕಡೆ ಸೇದದ ಹೆಂಗಸರಲ್ಲೂ ಈ ಕ್ಯಾನ್ಸರ್ ಬಹಳ ಇತ್ತು. ಕಾರಣ, ಮನೆಯೊಳಗೆ ಹೊಗೆಗೂಡಿಲ್ಲದೆ ಉರಿಸುತ್ತಿದ್ದ ಕಲ್ಲಿದ್ದಲು. ಹೊಗೆಗೂಡಿನ ಒಲೆ ಹಾಕಿಸಿಕೊಂಡ ಮನೆಗಳಲ್ಲಿ ವರ್ಷಗಳು ಕಳೆದಂತೆ ಹೆಂಗಸರ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದು 2002ರಲ್ಲಿ ಪ್ರಕಟವಾಯಿತು. ಅವರ ರಕ್ತ ಬದಲಾಗಲಿಲ್ಲ, ಜೀನ್ ಬದಲಾಗಲಿಲ್ಲ. ಬದಲಾದದ್ದು ಒಲೆ. ನಾವು ಉರಿಸುವುದು ಕಟ್ಟಿಗೆ, ಹತ್ತಿಕಟ್ಟಿ, ಕುಳ್ಳು. ಇವುಗಳ ಹೊಗೆ ಕಲ್ಲಿದ್ದಲಿನಷ್ಟು ಕೆಟ್ಟದ್ದಲ್ಲದಿದ್ದರೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಾಗಾದರೆ ಆ ಮಗಳ ಮದುವೆ?

ತಂದೆಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದ್ದರೆ ಮಕ್ಕಳಿಗೆ ಅಪಾಯ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ನಿಜ. ಆದರೆ ಅದೆಲ್ಲ ರಕ್ತದ್ದೇ ಅಲ್ಲ. ಅಪ್ಪ-ಮಗ ಒಂದೇ ಧೂಳಿನಲ್ಲಿ ದುಡಿದಿದ್ದಾರೆ, ಒಂದೇ ಕಟ್ಟಿನ ಬೀಡಿ ಹಚ್ಚಿದ್ದಾರೆ, ಒಂದೇ ಹೊಗೆಯ ಮನೆಯಲ್ಲಿ ಮಲಗಿದ್ದಾರೆ. ಆ ಹುಡುಗಿ ಬೀಡಿ ಸೇದುವವಳಲ್ಲ. ಅವಳಿಗೆ ಹೊಗೆಯಿಲ್ಲದ ಅಡಿಗೆಮನೆ ಸಿಕ್ಕರೆ, ಮನೆಯೊಳಗೆ ಬೀಡಿ ಸೇದದ ಗಂಡ ಸಿಕ್ಕರೆ, ಅವಳ ಅಪಾಯ ಕಡಿಮೆಯೇ. ಹೆಣ್ಣು ನೋಡಲು ಬಂದವರು ಕೇಳಿದರು, ಸರಿ. ನಾವೂ ಕೇಳೋಣ: "ನಿಮ್ಮ ಹುಡುಗ ಬೀಡಿ ಸೇದ್ತಾನೇನ್ರಿ? ನಿಮ್ಮನ್ಯಾಗ ಗ್ಯಾಸ್ ಐತೇನ್ರಿ?"

ಸಾವಿರಾರು ರೂಪಾಯಿ ಕೊಟ್ಟು 'ಕ್ಯಾನ್ಸರ್ ಬರುತ್ತದೋ ಇಲ್ಲವೋ' ಎಂದು ಜೀನ್ ಪರೀಕ್ಷೆ ಮಾಡಿಸಲು ಸಾಲ ಮಾಡಬೇಡಿ. ಈ ಅಧ್ಯಯನಗಳು ಹೆಚ್ಚಾಗಿ ಯೂರೋಪು ಮತ್ತು ಪೂರ್ವ ಏಷ್ಯಾದ ಜನರ ಮೇಲೆ ನಡೆದವು. ಒಬ್ಬರ ಹಣೆಬರಹ ಹೇಳುವ ಶಕ್ತಿ ಅವಕ್ಕಿಲ್ಲ. ಆದರೆ ಒಂದು ನೆನಪಿಡಿ: ಕ್ಯಾನ್ಸರ್ ಆದವರಿಗೆ ಡಾಕ್ಟರು ಗಡ್ಡೆಯ ಜೀನ್ ಪರೀಕ್ಷೆ ಬರೆದರೆ ಅದು ಬೇರೆ. ಅದು ಸರಿಯಾದ ಔಷಧಿ ಆರಿಸಲು. ಅದನ್ನು ತಪ್ಪಿಸಬೇಡಿ. ಗಡ್ಡೆಯಲ್ಲಿ ಕಾಣುವ ಬದಲಾವಣೆ ಸಾಮಾನ್ಯವಾಗಿ ಆಮೇಲೆ ಆದದ್ದು, ಮಕ್ಕಳಿಗೆ ಹೋಗುವುದಲ್ಲ.

ಸಂಘದಲ್ಲಿ ನಾವು ಮಾಡಬಹುದಾದದ್ದು

1. ಮನೆಯೊಳಗೆ ಬೀಡಿ-ಸಿಗರೇಟು ಬೇಡ ಎಂದು ಪ್ರತಿ ಮನೆಯೂ ತೀರ್ಮಾನಿಸಲಿ. ಮನೆತನದಲ್ಲಿ ರೋಗ ಇದ್ದವರು ಬಿಡುವುದು ಇನ್ನೂ ಮುಖ್ಯ.

2. ಸಿಲಿಂಡರ್ ತುಂಬಿಸಲು ಅಥವಾ ಹೊಗೆಗೂಡಿನ ಒಲೆ ಕಟ್ಟಿಸಲು ಸಂಘದಿಂದ ಸಣ್ಣ ಸಾಲ ಕೊಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆಂದೇ ಮಾಡಿದ್ದು.

3. ಕಲ್ಲು ಕೊರೆಯುವಲ್ಲಿ ನೀರು ಹಾಯಿಸಿ ಧೂಳು ಅಡಗಿಸಬೇಕು, ಮುಖಕ್ಕೆ ಸರಿಯಾದ ಮಾಸ್ಕ್ ಬೇಕು. ಕೆಲಸಗಾರರು ಇದನ್ನು ಹಕ್ಕಾಗಿ ಕೇಳಲಿ. ಧೂಳಿನ ಬಟ್ಟೆಯನ್ನು ಮನೆಯೊಳಗೆ ಒದರಬೇಡಿ, ನೀರಿನಲ್ಲಿ ನೆನೆಸಿ ಒಗೆಯಿರಿ.

4. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ದನಿ ಒಡೆಯುವುದು, ಮೈ ಇಳಿಯುವುದು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲು ಕ್ಷಯದ ಪರೀಕ್ಷೆ ಮಾಡುತ್ತಾರೆ, ಅದು ಪುಕ್ಕಟೆ. ಕ್ಷಯದ ಮಾತ್ರೆ ನುಂಗಿಯೂ ಗುಣ ಕಾಣದಿದ್ದರೆ ಸುಮ್ಮನೆ ಕೂಡಬೇಡಿ. "ಬೇರೆ ಏನಾದರೂ ಇರಬಹುದೇ?" ಎಂದು ಬಾಯಿಬಿಟ್ಟು ಕೇಳಿ. ಶ್ವಾಸಕೋಶದ ಕ್ಯಾನ್ಸರನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕಳೆದುಹೋಗುವುದು ನಮ್ಮ ದೇಶದಲ್ಲಿ ಸಾಮಾನ್ಯ.

ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ, ಓದಲು ಬಾರದ ಅಕ್ಕಂದಿರಿಗೆ ಬಿಡಿಸಿ ತಿಳಿಸಿ. ಆ ಮೇಲೆ ಒಂದು ಪ್ರಶ್ನೆ ಚರ್ಚಿಸಿ: ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ ಇನ್ನೂ ಹೊಗೆಯಲ್ಲಿ ಅಡಿಗೆ ನಡೆಯುತ್ತಿದೆ? ಆ ಸಂಖ್ಯೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ನಂತರ ಮತ್ತೆ ಎಣಿಸೋಣ.